ಬಡವರ ಪಟ ತೆಗೆದು ಏನು ಮಾಡುತ್ತೀರಿ?

ಹೋಟೆಲು ಕಾಮಗಾರ ಬಂಧುಗಳೇ, ಗಿರಣಿಗಳಲ್ಲಿ ದುಡಿದು ಹಣ್ಣಾದ ಹಿರಿಯರೇ,

ನಮ್ಮ ನಗರದ ಒಂದು ಕನ್ನಡ ಸಂಘದ ಕಾರ್ಯಕಾರಿ ಸಭೆಯಲ್ಲಿ ಹೋದ ತಿಂಗಳು ನಡೆದ ಸಂಗತಿಯೊಂದನ್ನು ನಿಮ್ಮ ಮುಂದಿಡಬೇಕಾಗಿದೆ. ಸಂಘದ ಹೆಸರು ಹೇಳುವುದಿಲ್ಲ. ಹೇಳಿದರೆ ಜಗಳವೆಲ್ಲ ಹೆಸರಿನ ಮೇಲೆ ಹೋಗಿ ಮಾತು ಹಿಂದೆ ಬೀಳುತ್ತದೆ. ಅದು ವಾರ್ಷಿಕೋತ್ಸವದ ಕಾರ್ಯಕ್ರಮ ಗೊತ್ತುಪಡಿಸುವ ಸಭೆ. ಯಕ್ಷಗಾನ ಆಗಲಿ ಎಂದರು, ಸರಿ. ಭಜನೆ ಆಗಲಿ ಎಂದರು, ಸರಿ. ಊರಿನಿಂದ ಒಬ್ಬ ಸಿನಿಮಾ ನಟರನ್ನು ವಿಮಾನದಲ್ಲಿ ಕರೆಸಿ ಶಾಲು ಹೊದಿಸುವುದೆಂದರು, ಅದಕ್ಕೂ ಕೈಯೆತ್ತಿದರು. ಕೊನೆಗೆ ನಾನೊಂದು ಠರಾವು ಮಂಡಿಸಿದೆ: ಎರಡು ದಿನದ ಉತ್ಸವದಲ್ಲಿ ಒಂದೂವರೆ ಗಂಟೆ ಬಿಡುವು ಮಾಡಿ, ಶ್ರೀ ಆನಂದ ಪಟವರ್ಧನರ 'ಹಮಾರಾ ಶಹರ್' ಎಂಬ ಚಿತ್ರವನ್ನು ಕಾಮಗಾರರಿಗೆ ತೋರಿಸೋಣ.

"ಹೀರೋ ಯಾರು?" ಎಂದು ಒಬ್ಬರು ಕೇಳಿದರು. ಸಭೆ ನಕ್ಕಿತು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಆದರೆ ಆಮೇಲೆ ವಯಸ್ಸಿನಲ್ಲೂ ಸ್ಥಾನದಲ್ಲೂ ಹಿರಿಯರಾದ ಒಬ್ಬ ಮಹಾಶಯರು ಎದ್ದು ಆಡಿದ ಮಾತಿಗೆ ನಗುವುದಾಗಲಿಲ್ಲ. "ಅದರಲ್ಲಿ ಹಾಡಿಲ್ಲ, ಕುಣಿತವಿಲ್ಲ. ನಮ್ಮ ಭಾಷೆಯದಲ್ಲ, ನಮ್ಮ ಜನದ್ದಲ್ಲ. ಮೇಲಾಗಿ ಅದು ರಾಜಕಾರಣ. ಹೊಟ್ಟೆಪಾಡಿಗೆ ಬಂದವರು ನಾವು, ನಮಗೇಕೆ?" ಎಂದರು. ಠರಾವಿಗೆ ಅನುಮೋದಕರು ಒಬ್ಬರೂ ಸಿಕ್ಕಲಿಲ್ಲ. ಬಿತ್ತು. ಬಿದ್ದದ್ದಕ್ಕೆ ನನಗೆ ಅಷ್ಟು ಸಂಕಟವಿಲ್ಲ. ಠರಾವು ಬೀಳುವುದು ನನಗೇನು ಹೊಸದೆ? ಸಭೆಯ ನಡವಳಿಯ ಪುಸ್ತಕದಲ್ಲಿ ಅಂಥದೊಂದು ಠರಾವು ಬಂದಿತ್ತೆಂಬ ಸೊಲ್ಲೇ ಇಲ್ಲ. ಅದಕ್ಕಾಗಿ ಈ ಲೇಖನ.

ಮೊದಲು ಈ ಪಟವರ್ಧನರು ಯಾರೆಂಬುದನ್ನು ಹೇಳಿಬಿಡುತ್ತೇನೆ. 1950ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿದವರು. ಬಡವರ ಮನೆಯಲ್ಲಿ ಹುಟ್ಟಿದವರಲ್ಲ. ದೊಡ್ಡಪ್ಪಂದಿರಾದ ಅಚ್ಯುತ ಪಟವರ್ಧನ, ರಾವ್ ಪಟವರ್ಧನ ಇಬ್ಬರೂ ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದವರು. ತಾಯಿ ನಿರ್ಮಲಾ ಪಟವರ್ಧನರು ಮಣ್ಣಿನ ಪಾತ್ರೆ ಮಾಡುವುದನ್ನು ಕಲೆಯಾಗಿ ಸಾಧಿಸಿದವರು. ಮಗ ಇಲ್ಲಿ ಬಿ.ಎ. ಮುಗಿಸಿ ಅಮೆರಿಕಕ್ಕೆ ಓದಲು ಹೋದರು. ಅಲ್ಲಿಂದ ಕೈತುಂಬ ಸಂಬಳದ ನೌಕರಿ ಹಿಡಿಯಬಹುದಿತ್ತು, ಹಿಡಿದವರು ಎಷ್ಟು ಜನರಿಲ್ಲ! ಈ ಮನುಷ್ಯ ವಿಯೆಟ್ನಾಂ ಯುದ್ಧದ ವಿರುದ್ಧದ ಮೆರವಣಿಗೆಗಳಲ್ಲಿ ನಡೆದರು. ಕ್ಯಾಲಿಫೋರ್ನಿಯದಲ್ಲಿ ಸೀಸರ್ ಚಾವೆಜ್ ಕಟ್ಟಿದ ಹೊಲಗೂಲಿಗಳ ಯೂನಿಯನ್ನಿನಲ್ಲಿ ಸ್ವಯಂಸೇವಕರಾಗಿ ದುಡಿದರು. ಹಿಂತಿರುಗಿ ಮಧ್ಯಪ್ರದೇಶದ ಹಳ್ಳಿಗಾಡಿನಲ್ಲಿ ಕಿಶೋರ್ ಭಾರತಿ ಎಂಬ ಶಿಕ್ಷಣ ಸಂಸ್ಥೆಯಲ್ಲಿ ಕೆಲಸ ಮಾಡಿದರು.

1974ರಲ್ಲಿ ಬಿಹಾರದಲ್ಲಿ ಜಯಪ್ರಕಾಶರ ಚಳವಳಿ ಎದ್ದಿತು. ಅಲ್ಲಿಗೂ ಹೋದರು. ಪೊಲೀಸರ ಲಾಠಿ ಏಟಿಗೆ ಸಾಕ್ಷಿ ಇರಲೆಂದು ಕಡ ತಂದ ಪುಟ್ಟ ಕ್ಯಾಮರಾದಲ್ಲಿ ಪಟ ತೆಗೆದರು. ಆಮೇಲೆ ಆ ಪಟವನ್ನು ಪರದೆಯ ಮೇಲೆ ಬಿಟ್ಟು, ಅದನ್ನೇ ಮತ್ತೆ ದೊಡ್ಡ ಫಿಲ್ಮಿನಲ್ಲಿ ಹಿಡಿದು ಒಂದು ಚಿತ್ರ ಮಾಡಿದರು. ಇದ್ದ ಒಂದು ಸ್ಟೌವಿನ ಮೇಲೆ ನೂರು ಜನಕ್ಕೆ ಊಟ ಎಬ್ಬಿಸುವ ನಮ್ಮ ಭಟ್ಟರ ಚಾತುರ್ಯ ಅದು. 1975ರಲ್ಲಿ ತುರ್ತುಸ್ಥಿತಿ ಬಂದಾಗ ಆ ಚಿತ್ರ ತಲೆಮರೆಸಿಕೊಂಡಿತು. ಪ್ರತಿಯನ್ನು ತುಂಡು ತುಂಡು ಮಾಡಿ ಕದ್ದು ಪರದೇಶಕ್ಕೆ ಸಾಗಿಸಬೇಕಾಯಿತು. 1978ರಲ್ಲಿ ರಾಜಕೀಯ ಕೈದಿಗಳ ಕುರಿತು 'ಜಮೀರ್ ಕೇ ಬಂದಿ'. 1981ರಲ್ಲಿ ಕೆನಡಾದ ಹೊಲಗಳಲ್ಲಿ ದುಡಿಯುವ ನಮ್ಮ ದೇಶದ ವಲಸೆ ಕೂಲಿಗಳು ಯೂನಿಯನ್ ಕಟ್ಟಿದ ಕಥೆ. ಇಷ್ಟಾದ ಮೇಲೆ ಮುಂಬಯಿ.

ಆ ಹೊತ್ತಿನ ಮುಂಬಯಿ ಹೇಗಿತ್ತೆಂದು ಹಿರಿಯರಿಗೆ ಗೊತ್ತು, ನನ್ನಂಥವರಿಗಾಗಿ ಹೇಳುತ್ತೇನೆ. 1981ರ ಜುಲೈಯಲ್ಲಿ, ಸುರಿಯುವ ಮಳೆಯಲ್ಲಿ, ಫುಟ್‌ಪಾತಿನ ಜನರನ್ನು ಎಬ್ಬಿಸಿ ಅವರವರ ಊರಿಗೆ ಸಾಗಹಾಕುತ್ತೇವೆಂದು ಮುಖ್ಯಮಂತ್ರಿ ಅಂತುಲೆಯವರು ಸಾರಿದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1985ರ ಜುಲೈ 10ರಂದು ತೀರ್ಪು ಬಂತು: ಹೊಟ್ಟೆಪಾಡಿನ ಹಕ್ಕೂ ಬದುಕುವ ಹಕ್ಕಿನಲ್ಲಿ ಸೇರಿದೆ, ಆದರೆ ನೋಟೀಸು ಕೊಟ್ಟು ಎಬ್ಬಿಸಬಹುದು! ಎಡಗೈಯಲ್ಲಿ ಬಡಿಸಿ ಬಲಗೈಯಲ್ಲಿ ಎಲೆ ಎಳೆದ ಹಾಗೆ. 'ಹಮಾರಾ ಶಹರ್' ಹೊರಬಂದದ್ದೂ ಅದೇ 1985ರಲ್ಲಿ.

ಚಿತ್ರದಲ್ಲಿ ಒಂದು ಕಡೆ ನಗರದ ಅಂದಚಂದದ ಕುರಿತು ಸೊಗಸಾಗಿ ಮಾತಾಡುವ ಶ್ರೀಮಂತರು, ಅಧಿಕಾರಿಗಳು. ಇನ್ನೊಂದು ಕಡೆ ಮುನಸಿಪಾಲಿಟಿಯ ತೋಡಫೋಡ. ಯಾರು ಈ ನಗರದ ಗೋಡೆಗಳನ್ನು ಎಬ್ಬಿಸಿದರೋ ಅವರ ತಗಡು, ಗೋಣಿ, ಅಡಿಗೆಯ ಪಾತ್ರೆ ಬೀದಿಗೆ ಬೀಳುತ್ತವೆ. ಪಟವರ್ಧನರು ತಾವಾಗಿ ಭಾಷಣ ಮಾಡುವುದಿಲ್ಲ. ಇವರ ಮಾತು, ಅವರ ಮಾತು ಎರಡನ್ನೂ ಅಕ್ಕಪಕ್ಕ ಇಡುತ್ತಾರೆ, ಅಷ್ಟೆ.

ಅದರಲ್ಲಿ ಒಬ್ಬ ಹೆಂಗಸು ಇದ್ದಾಳೆ. ಮನೆ ಮುರಿದುಬಿದ್ದಿದೆ. ಕ್ಯಾಮರಾ ಹತ್ತಿರ ಬರುತ್ತದೆ. ಅವಳು ಅಳುವುದಿಲ್ಲ, ಕೈಮುಗಿಯುವುದಿಲ್ಲ. ಕ್ಯಾಮರಾದವರ ಮೇಲೆಯೇ ತಿರುಗಿ ಬೀಳುತ್ತಾಳೆ. ಬಡವರ ಪಟ ತೆಗೆದು ನೀವು ಹೆಸರು ಮಾಡಿಕೊಳ್ಳುತ್ತೀರಿ, ನಮಗೇನು ಬಂತು, ನೀವು ನಮಗಾಗಿ ಏನು ಮಾಡುವವರು ಎಂಬುದು ಅವಳ ಮಾತಿನ ತಾತ್ಪರ್ಯ. ಈ ಮಾತನ್ನು ಕತ್ತರಿಸಿ ಹಾಕುವುದು ಎಷ್ಟು ಸುಲಭವಿತ್ತು! ಕತ್ತರಿ ಇದ್ದದ್ದು ಪಟವರ್ಧನರ ಕೈಯಲ್ಲೇ. ಕತ್ತರಿಸಲಿಲ್ಲ. ತನ್ನ ಮೇಲೆ ಬಂದ ದೂರನ್ನು ತನ್ನ ಚಿತ್ರದಲ್ಲೇ ಇಟ್ಟುಕೊಂಡು ಊರೆಲ್ಲ ತೋರಿಸಿದರು.

ನಾನು ಆ ಚಿತ್ರ ನೋಡಿದ್ದು 2012ರಲ್ಲಿ, ಒಂದು ಬಸ್ತಿಯಲ್ಲಿ, ಎರಡು ಬಿದಿರಿಗೆ ಕಟ್ಟಿದ ಬೆಡ್‌ಶೀಟಿನ ಮೇಲೆ. ರಾತ್ರಿ ಪಾಳಿ ಮುಗಿಸಿ ಹೋಗಿದ್ದೆ, ನಿದ್ದೆ ಎಳೆಯುತ್ತಿತ್ತು. ಆ ಹೆಂಗಸು ಬಾಯಿ ತೆರೆದಾಗ ನಿದ್ದೆ ಹಾರಿಹೋಯಿತು. ಯಾಕೆಂದರೆ ಅದೇ ಮಾತನ್ನು ಒಬ್ಬ ಕ್ಲೀನರ್ ಹುಡುಗ ಹಿಂದಿನ ವಾರವಷ್ಟೇ ನನಗೆ ಹೇಳಿದ್ದ. ಯೂನಿಯನ್ ಫಾರಮು ತುಂಬಿಸಲು ಹೋಗಿದ್ದೆ. "ಅಣ್ಣಾ, ನೀವು ನಮ್ಮ ಹೆಸರು ಬರೆದುಕೊಂಡು ಲೀಡರ್ ಆಗ್ತೀರಿ. ನನ್ನನ್ನು ನಾಳೆ ತೆಗೆದುಹಾಕಿದರೆ ಎಲ್ಲಿ ಮಲಗಲಿ?" ಎಂದಿದ್ದ. ಉತ್ತರ ಕೊಡದೆ ಚಾ ಕುಡಿದು ಎದ್ದು ಬಂದಿದ್ದೆ. ಎರಡು ದಿನದಲ್ಲಿ ಅವನನ್ನು ತೆಗೆದೇಹಾಕಿದರು. ನಾನು ನನ್ನ ವರದಿಯಲ್ಲಿ ಬರೆದದ್ದು 'ಹನ್ನೊಂದು ಹೊಸ ಸದಸ್ಯರು' ಎಂದು ಮಾತ್ರ. ಆ ಹುಡುಗನ ಮಾತನ್ನು ನಾನು ಕತ್ತರಿಸಿದ್ದೆ. ಆದ್ದರಿಂದ ನಡವಳಿ ಪುಸ್ತಕದ ಬಗೆಗೆ ಸಂಘದ ಮಹಾಶಯರನ್ನು ಬಯ್ಯುವ ಮುನ್ನ ನನ್ನ ಕೆನ್ನೆಗೆ ನಾನೇ ಒಂದು ಹೊಡೆದುಕೊಂಡಿದ್ದೇನೆಂದು ಓದುಗರು ತಿಳಿಯಬೇಕು.

ಪಟವರ್ಧನರು ಆ ಹೆಂಗಸಿಗೆ ಏನು ಉತ್ತರ ಕೊಟ್ಟರು? ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿಗೆ ನಿಂತಿದ್ದರೆ ಅವಳ ಮಾತು ನಿಜವಾಗುತ್ತಿತ್ತು. ಆದರೆ 1986ರಲ್ಲಿ ದಕ್ಷಿಣ ಮುಂಬಯಿಯ ಸಂಜಯ ಗಾಂಧಿ ನಗರದ ಝೋಪಡಿಗಳನ್ನು ಕೆಡವಿದಾಗ, ಮನೆ ಕಳಕೊಂಡವರ ಜೊತೆಗೆ ಇವರೂ ಉಪವಾಸ ಕುಳಿತರು. ನಟಿ ಶಬಾನಾ ಆಜ್ಮಿಯವರೂ ಬಂದು ಕುಳಿತರು. ಕೊನೆಗೆ ಸರಕಾರ ಗೋರೆಗಾಂವಿನ ಕಡೆ ಬದಲಿ ಜಾಗಕ್ಕೆ ಒಪ್ಪಬೇಕಾಯಿತು. ದೂರವಾಯಿತು, ಕೆಲಸಕ್ಕೆ ಹೋಗಿಬರಲು ಕಷ್ಟವಾಯಿತು, ಅದೂ ಸರಿ. ಆದರೆ ಕಾಲ ಕೆಳಗೆ ನೆಲ ಸಿಕ್ಕಿತು. ನಾವೂ ನಟರನ್ನು ಕರೆಸುತ್ತೇವಲ್ಲ, ವಿಮಾನದ ಟಿಕೇಟು ಕೊಟ್ಟು? ಅವರು ಬಂದು ಕೂರುವುದು ಯಾರ ಪಕ್ಕದಲ್ಲಿ?

"ನಮ್ಮ ಜನದ್ದಲ್ಲ" ಎಂದರಲ್ಲ, ಅದಕ್ಕೀಗ ಬರುತ್ತೇನೆ. 2002ರಲ್ಲಿ ಹದಿಮೂರನೆಯ ವಯಸ್ಸಿನಲ್ಲಿ ನಾನು ಈ ನಗರಕ್ಕೆ ಬಂದೆ. ರಾತ್ರಿ ಹೋಟೆಲಿನ ಶಟರು ಎಳೆದ ಮೇಲೆ ಮೇಜು ಜೋಡಿಸಿ ಮಲಗುವುದು, ಸೆಕೆಗಾಲದಲ್ಲಿ ಎದುರಿನ ಫುಟ್‌ಪಾತು. (ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ಆಜ್ಞೆ 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಅಷ್ಟರಲ್ಲಿ ನನಗೆ ಹದಿನೇಳು. ಕಾನೂನು ನನ್ನನ್ನು ನಾಲ್ಕು ವರ್ಷದಿಂದ ತಪ್ಪಿಸಿಕೊಂಡಿತು.) ನನ್ನ ಹಾಗೆ ಮಲಗಿದವರು ನಮ್ಮಲ್ಲಿ ಎಷ್ಟು ಸಾವಿರ ಇಲ್ಲ? ಈಗ ಸ್ವಂತ ಹೋಟೆಲು ಇರುವ ಧಣಿಗಳಲ್ಲೂ ಬಹಳ ಮಂದಿ ಹಾಗೆಯೇ ಮಲಗಿ ಎದ್ದವರು. ಸನ್ಮಾನದ ಭಾಷಣದಲ್ಲಿ ಅವರೇ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ. ಹಾಗಾದರೆ ಫುಟ್‌ಪಾತಿನ ಚಿತ್ರ ನಮ್ಮದಲ್ಲದೆ ಇನ್ಯಾರದು? ಆ ಬದುಕು ಸನ್ಮಾನಕ್ಕೆ ಆಗುತ್ತದೆ, ಪರದೆಗೆ ಆಗುವುದಿಲ್ಲವೇ?

ಗಿರಣಿಯ ಹಿರಿಯರೇ, ನಿಮಗೂ ಇವರ ಒಂದು ಚಿತ್ರ ಸೇರಬೇಕು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕಾಮಗಾರರು ಇಳಿದ ಸಂಪನ್ನು ಯಾರೂ ವಿಧಿಪೂರ್ವಕ ಹಿಂತೆಗೆದುಕೊಳ್ಳಲೇ ಇಲ್ಲವೆಂದು ನೀವೇ ಹೇಳುತ್ತೀರಿ. ನನ್ನ ಸೋದರಮಾವ ಮಗ್ಗದ ಖಾತೆಯಲ್ಲಿದ್ದವರು. ಸಾಯುವ ತನಕ ತಮ್ಮ ಹಾಜರಿ ಬಿಲ್ಲೆಯನ್ನು ದೇವರ ಪಟದ ಹಿಂದೆ ಇಟ್ಟುಕೊಂಡಿದ್ದರು. ಗಿರಣಿಯ ನೂಲಿಗಿಂತ ಗಿರಣಿಯ ನೆಲಕ್ಕೆ ಬೆಲೆ ಹೆಚ್ಚಾದಾಗ ಧಣಿಗಳಿಗೆ ಯಂತ್ರ ನಡೆಸುವ ಮನಸ್ಸು ಹೋಯಿತು. ಆ ಕಾಲದಲ್ಲಿ ನ್ಯೂ ಗ್ರೇಟ್ ಈಸ್ಟರ್ನ್ ಮಿಲ್ಲಿನ ಕಾಮಗಾರರು ನಾಲ್ಕು ವರ್ಷದ ಬೀಗಮುದ್ರೆಯ ನಂತರ ತಾವೇ ಒಳನುಗ್ಗಿ ಗಿರಣಿಯನ್ನು ವಶಕ್ಕೆ ತೆಗೆದುಕೊಂಡರು. ಪಟವರ್ಧನರು ಅದನ್ನು 1996ರಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷದ ಚಿತ್ರವಾಗಿ ಮಾಡಿದರು. ಇಂದು ಲೋವರ್ ಪರೇಲಿನಲ್ಲಿ ಫೀನಿಕ್ಸ್ ಮಿಲ್ಲು ಇದ್ದಲ್ಲಿ ಮಾಲು ನಿಂತಿದೆ, ಪಕ್ಕದಲ್ಲಿ ಗಾಜಿನ ಕಟ್ಟಡಗಳು ನಿಂತಿವೆ. ನಮ್ಮ ಹುಡುಗರು ಅಲ್ಲಿಯ ಹೋಟೆಲುಗಳಲ್ಲಿ ಟೈ ಕಟ್ಟಿಕೊಂಡು ಬಡಿಸುತ್ತಾರೆ. ಕಾಲ ಕೆಳಗೆ ಯಾರ ಬೆವರಿದೆಯೆಂದು ಅವರಿಗೆ ಯಾರು ಹೇಳಬೇಕು?

ಹಾಡಿಲ್ಲವೆಂಬುದು ಶುದ್ಧ ಸುಳ್ಳು. ಹಾಡಿದೆ ಸ್ವಾಮಿ. 'ಹಮಾರಾ ಶಹರ್'ನಲ್ಲಿ ಹಾಡಿದವರು ವಿಲಾಸ ಘೋಗ್ರೆ ಎಂಬ ದಲಿತ ಶಾಹಿರರು, ತಾವೇ ಝೋಪಡಪಟ್ಟಿಯಲ್ಲಿ ಬಾಳಿದವರು. 1997ರ ಜುಲೈ 11ರ ಬೆಳಿಗ್ಗೆ ಘಾಟಕೋಪರದ ರಮಾಬಾಯಿ ನಗರದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಯಾರೋ ಚಪ್ಪಲಿಹಾರ ಹಾಕಿದ್ದರು. ಬೀದಿಗಿಳಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹತ್ತು ಮಂದಿ ಸತ್ತರು. ಕೆಲವೇ ದಿನಗಳಲ್ಲಿ ಘೋಗ್ರೆಯವರು ನೊಂದು ನೇಣು ಹಾಕಿಕೊಂಡರು. ತನ್ನ ಚಿತ್ರಕ್ಕೆ ಹಾಡಿದ ಮನುಷ್ಯ ಹೀಗೆ ಹೋದನೆಂದು ಪಟವರ್ಧನರು ಕ್ಯಾಮರಾ ಎತ್ತಿಕೊಂಡು ಹೊರಟರು. ಹದಿನಾಲ್ಕು ವರ್ಷ! ಅಷ್ಟು ವರ್ಷ ಬಸ್ತಿ ಬಸ್ತಿ ತಿರುಗಿ, ಹಾಡುವವರ ಹಿಂದೆ ಹೋಗಿ, ಗುಂಡು ತಿಂದವರ ಮನೆಗಳಿಗೆ ಹೋಗಿ 2011ರಲ್ಲಿ 'ಜೈ ಭೀಮ್ ಕಾಮ್ರೇಡ್' ಮುಗಿಸಿದರು. ಅದನ್ನು ಬಸ್ತಿಗಳಲ್ಲೇ ಪರದೆ ಕಟ್ಟಿ ತೋರಿಸಿದರು. ಅದರ ತುಂಬ ಹಾಡೇ ಹಾಡು. ಕಮ್ಯುನಿಸ್ಟರು ಜಾತಿಯ ವಿಷಯದಲ್ಲಿ ಎಡವಿದ್ದನ್ನೂ ಅದು ಮುಚ್ಚಿಡುವುದಿಲ್ಲ. ಕೆಂಪು ಬಾವುಟ ಹಿಡಿದ ನಮ್ಮಂಥವರು ನೋಡಿ ಮೆತ್ತಗಾಗಬೇಕಾದ ಚಿತ್ರ. ಅಡಿಗೆಮನೆಗೆ ಒಬ್ಬ, ಮೋರಿಗೆ ಒಬ್ಬ, ಗಲ್ಲೆಗೆ ಒಬ್ಬ ಎಂದು ನಮ್ಮ ಹೋಟೆಲುಗಳು ಎಷ್ಟು ಕಾಲ ಜಾತಿ ನೋಡಿ ಕೆಲಸ ಹಂಚಿದವು ಎಂಬುದನ್ನು ನಾವು ಬೇರೆಯವರಿಂದ ಕೇಳಬೇಕಾಗಿಲ್ಲ.

ಇನ್ನು 'ರಾಜಕಾರಣ'. ಅಹುದು, ರಾಜಕಾರಣವೇ. 1992ರಲ್ಲಿ ಅಯೋಧ್ಯೆಯ ಕುರಿತು 'ರಾಮ್ ಕೇ ನಾಮ್' ಮಾಡಿದರು, ಮಸೀದಿ ಬೀಳುವುದಕ್ಕೆ ಮುಂಚೆ. ಅಲ್ಲಿ ಕೋರ್ಟು ನೇಮಿಸಿದ ಅರ್ಚಕರಾಗಿದ್ದ ಲಾಲದಾಸರು ದೇವರ ಹೆಸರಿನಲ್ಲಿ ನಡೆದ ಹಣದ, ಓಟಿನ ಆಟವನ್ನು ನೇರವಾಗಿ ಹೇಳಿದ್ದಾರೆ. ಮರುವರ್ಷ ಅವರ ಕೊಲೆಯಾಯಿತು. ರಾಷ್ಟ್ರಪ್ರಶಸ್ತಿ ಪಡೆದ ಆ ಚಿತ್ರವನ್ನು ಸರಕಾರದ ದೂರದರ್ಶನ ತೋರಿಸಲೊಲ್ಲದು. ಕೋರ್ಟು ಹೇಳಿದ ಮೇಲೆ ತೋರಿಸಿತು. 1995ರ ಇನ್ನೊಂದು ಚಿತ್ರಕ್ಕಾಗಿ ಸುಪ್ರೀಂ ಕೋರ್ಟಿನ ತನಕ ಹೋಗಿ 2006ರಲ್ಲಿ ಗೆದ್ದರು. ಅಣುಬಾಂಬಿನ ವಿರುದ್ಧ ಮಾಡಿದ 'ಜಂಗ್ ಔರ್ ಅಮನ್'ಗೆ ಸೆನ್ಸಾರಿನವರು 21 ಕಡೆ ಕತ್ತರಿ ಹಾಕೆಂದರು. 2003ರಲ್ಲಿ ಮುಂಬಯಿ ಹೈಕೋರ್ಟು ಒಂದೂ ಬೇಡವೆಂದಿತು. ಲೇಬರ್ ಕೋರ್ಟಿಗೆ ತಾರೀಖು ತಾರೀಖು ಎಂದು ಅಲೆದು ಚಪ್ಪಲಿ ಸವೆಸಿದವರಿಗೆ ಈ ಮನುಷ್ಯನ ಸೈರಣೆಯ ಬೆಲೆ ಗೊತ್ತಾಗುತ್ತದೆ. ಒಂದು ಗ್ರಾಚ್ಯುಯಿಟಿ ಕೇಸಿಗೆ ನಾನು ಆರು ವರ್ಷ ಅಲೆದಿದ್ದೇನೆ. ಹನ್ನೊಂದು ವರ್ಷ ಎಂದರೆ ಏನೆಂದು ಊಹಿಸಬಲ್ಲೆ. 2015ರಲ್ಲಿ ಪುಣೆಯ ಚಿತ್ರಶಾಲೆಯ ವಿದ್ಯಾರ್ಥಿಗಳ ಮುಷ್ಕರದ ಪರವಾಗಿ ಪಡೆದ ಪ್ರಶಸ್ತಿಯನ್ನೂ ಹಿಂತಿರುಗಿಸಿದರು.

ಕನ್ನಡಕ್ಕೆ ಸಂಬಂಧವಿಲ್ಲವೆಂದ ಹಿರಿಯರಿಗೆ ಒಂದು ಪ್ರಶ್ನೆ. 2013ರಲ್ಲಿ ಪುಣೆಯಲ್ಲಿ ದಾಭೋಲಕರರನ್ನು ಕೊಂದರು. 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಕಾಮಗಾರರ ವಕೀಲರಾದ ಕಾಮ್ರೇಡ್ ಪಾನಸರೆಯವರನ್ನು, ಅದೇ ಆಗಸ್ಟ್ 30ರಂದು ಧಾರವಾಡದಲ್ಲಿ, ಮನೆಯ ಬಾಗಿಲಲ್ಲೇ, ನಮ್ಮ ಎಂ. ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು. ವಚನಗಳಿಗಾಗಿ ಬಾಳು ಸವೆಸಿದ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಕಲಬುರ್ಗಿಯವರ ಸಾವಿನ ಕಥೆಯನ್ನು 2018ರ 'ವಿವೇಕ್' ಎಂಬ ದೀರ್ಘ ಚಿತ್ರದಲ್ಲಿ ಸೇರಿಸಿದವರು ಒಬ್ಬ ಮರಾಠಿ ಮನುಷ್ಯ. ಪ್ರತಿ ರಾಜ್ಯೋತ್ಸವಕ್ಕೆ ಮೈಕು ಹಿಡಿದು ಕನ್ನಡದ ಮೇಲೆ ಪ್ರಾಣವೆನ್ನುವ ನಾವು ಕಲಬುರ್ಗಿಯವರ ಹೆಸರಿನಲ್ಲಿ ಒಂದು ಸಂತಾಪ ಸಭೆಯನ್ನಾದರೂ ಮಾಡಿದೆವೇ? ನಾನಿದ್ದ ಸಂಘದಲ್ಲಂತೂ ಮಾಡಲಿಲ್ಲ.

ಪಟವರ್ಧನರಿಗೆ ಹಾರ ಹಾಕಿ ದೇವರು ಮಾಡಿರೆಂದು ನಾನು ಬರೆಯುತ್ತಿಲ್ಲ. ಅವರ ಚಿತ್ರಗಳನ್ನು ಇಂಗ್ಲಿಷು ಬಲ್ಲವರು ನೋಡಿದಷ್ಟು ನಾವು ನೋಡಿಲ್ಲ. ತಪ್ಪು ಪೂರ್ತಿ ಅವರದಲ್ಲ, ಆದರೂ ಇದೆ. ಗಿರಣಿ ಬಂತು, ಝೋಪಡಿ ಬಂತು, ನರ್ಮದೆಯ ಆದಿವಾಸಿಗಳು ಬಂದರು, ಮೀನುಗಾರರು ಬಂದರು. ಇಷ್ಟು ದೊಡ್ಡ ನಗರಕ್ಕೆ ಚಾ ಕೊಟ್ಟ ಹೋಟೆಲು ಹುಡುಗನ ಮೇಲೆಯೇ ಒಂದು ಚಿತ್ರ ಬರಲಿಲ್ಲ. ಎಂದಾದರೂ ಎದುರಿಗೆ ಸಿಕ್ಕರೆ ಕೇಳುವವನಿದ್ದೇನೆ. 2023ರಲ್ಲಿ ತಮ್ಮ ತಂದೆತಾಯಿಯ ಮೇಲೆ 'ವಸುಧೈವ ಕುಟುಂಬಕಂ' ಎಂಬ ಚಿತ್ರ ಮಾಡಿದ್ದಾರೆ. ಎಪ್ಪತ್ತು ದಾಟಿದ ಮೇಲೂ ಕ್ಯಾಮರಾ ಕೆಳಗಿಟ್ಟಿಲ್ಲ. ಕೇಳಿದರೆ ಬೈಯಲಿಕ್ಕಿಲ್ಲ, ಅದಕ್ಕಿಂತ ಕಟುವಾದ ಮಾತನ್ನು ಆ ಹೆಂಗಸು ಹಿಂದೆಯೇ ಹೇಳಿಯಾಗಿದೆ.

ಕೆಲಸದ ಮಾತು. ಚಿತ್ರ ಹಿಂದಿ, ಮರಾಠಿ ಮಾತಿನದು. ಅರ್ಥವಾಗದ ಕಡೆ ನಿಲ್ಲಿಸಿ ಕನ್ನಡದಲ್ಲಿ ಹೇಳಲು ಇಬ್ಬರು ಒಪ್ಪಿದ್ದಾರೆ. ಪರದೆಗೆ ಬಿಳಿಯ ಪಂಚೆ ಸಾಕು. ಯಂತ್ರವನ್ನು ಒಬ್ಬ ಕ್ಯಾಟರಿಂಗ್ ಗೆಳೆಯರು ಬಾಡಿಗೆಯಿಲ್ಲದೆ ಕೊಡುತ್ತಾರೆ. ನಟರ ವಿಮಾನದ ಟಿಕೇಟಿನ ಹತ್ತರಲ್ಲಿ ಒಂದು ಪಾಲೂ ಖರ್ಚಿಲ್ಲ. ಕಾರ್ಯಕಾರಿ ಸಭೆ ಬರುವ ತಿಂಗಳ ಮೊದಲ ಸೋಮವಾರ, ಹೋಟೆಲು ಮುಚ್ಚಿದ ಮೇಲೆ ರಾತ್ರಿ ಹನ್ನೊಂದೂವರೆಗೆ. ಠರಾವನ್ನು ಮತ್ತೆ ನಾನೇ ಮಂಡಿಸುತ್ತೇನೆ, ಈ ಸಲ ಎರಡು ಪ್ರತಿ ಬರೆದು ಒಂದಕ್ಕೆ ಕಾರ್ಯದರ್ಶಿಗಳ ಸಹಿ ತೆಗೆದುಕೊಳ್ಳುತ್ತೇನೆ. ಅನುಮೋದಿಸುವವರು ಒಬ್ಬರು ಬೇಕಾಗಿದ್ದಾರೆ.